ಗೊಬ್ಬರದತ್ತೆಯ ಮೂರು ಗುಂಡಿಗಳು

ಮುನ್ನೂರು ಮಕ್ಕಳು ಉಂಡೆದ್ದು ಹೋದ ಮೇಲೆ ಒಂದು ಶಾಲೆಯ ಊಟದ ಮನೆ ಹೇಗಿರುತ್ತದೆ ಎಂಬುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬೆಂಚಿನ ಮೇಲೆ ಅನ್ನ, ಬೆಂಚಿನ ಕೆಳಗೆ ಅನ್ನ, ಕಿಟಕಿಯ ಸರಳಿನ ತುದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ. ಅದು ಅಲ್ಲಿಗೆ ಹೇಗೆ ಹತ್ತಿತು ಎಂದು ಕೇಳಿದರೆ ಮುನ್ನೂರು ಬಾಯಿಗೂ ಬೀಗ. ಅಂಥ ಊಟದ ಮನೆಯನ್ನು ಹದಿನೇಳು ವರ್ಷ ದಿನವೂ ಗುಡಿಸಿ, ಒರೆಸಿ, ಮಾರನೆಯ ದಿನ ಮತ್ತೆ ಅದೇ ಅವಸ್ಥೆಯಲ್ಲಿ ಕಂಡು, ಆದರೂ ಮಕ್ಕಳ ಮೇಲೆ ಮುನಿಸಿಕೊಳ್ಳದೆ ಇದ್ದ ಹೆಂಗಸಿನ ಕಥೆ ಇದು. ಬರೀ ಹೊಗಳಿಕೆ ಎಂದುಕೊಳ್ಳಬೇಡಿ; ಮುನಿಸಿಕೊಳ್ಳುತ್ತಿದ್ದಳು, ಆದರೆ ಒರೆಸಿದ ನೆಲ ಒಣಗುವವರೆಗೆ ಮಾತ್ರ.

ಮಕ್ಕಳಿಗೆ ಅವಳು ಗೊಬ್ಬರದತ್ತೆ. ಅದೇ ಶಾಲೆಯ ಅಡಿಗೆಯವನು ಅವಳ ಗಂಡ, ಹಾಗಾಗಿ ಅವನು ಅಡಿಗೆ ಮಾಮ. ಮಾಮ ಬಡಿಸಬೇಕು, ಅತ್ತೆ ಬಳಿಯಬೇಕು.

"ನಾನು ಹಾಕಿದ್ದನ್ನೆಲ್ಲ ನೀನು ತೆಗೀತೀಯ. ಎಂಥ ಸಂಸಾರಾನೇ ನಮ್ದು!" ಎಂದು ಮಾಮ ರೇಗಿಸುತ್ತಿದ್ದ.

"ಮಕ್ಕಳು ಏನೂ ಬಿಡದ ಹಾಗೆ ಅಡಿಗೆ ಮಾಡಿ ನೋಡೋಣ. ನಾನೂ ಕಾಲು ಚಾಚಿ ಕೂತ್ಕೋತೀನಿ," ಎಂದು ಅತ್ತೆ ಅಲ್ಲಿಂದಲೇ ಪೊರಕೆ ಎತ್ತಿ ತೋರಿಸುತ್ತಿದ್ದಳು.

ಮೊದಮೊದಲು ಉಳಿದದ್ದೆಲ್ಲ ಹಿತ್ತಿಲ ಡ್ರಮ್ಮಿಗೆ ಬೀಳುತ್ತಿತ್ತು. ಕಸದ ಲಾರಿ ವಾರಕ್ಕೆ ಎರಡು ಸಲ ಬರಬೇಕು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ವಾರ ನಾಯಿಗಳಿಗೆ ಸುಗ್ಗಿ, ಕಾಗೆಗಳಿಗೆ ಸಭೆ. ಕಾಂಪೌಂಡಿನ ಆಚೆಗೆ ಒಂದು ಇಸ್ತ್ರಿ ಅಂಗಡಿ ಇತ್ತು. ಒಂದು ದಿನ ಇಸ್ತ್ರಿಯವನು ಗೋಡೆಯ ಮೇಲಿಂದ ತಲೆ ಎತ್ತಿ, "ಅತ್ತಿಗೆ, ನಾನೇನು ಬಟ್ಟೆಗೆ ಇಸ್ತ್ರಿ ಹಾಕ್ತಿದ್ದೀನೋ ಈ ವಾಸನೆಗೆ ಹಾಕ್ತಿದ್ದೀನೋ? ಗಿರಾಕಿಗಳು ಅಂಗೀನ ಮೂಸಿ ನೋಡಿ ವಾಪಸ್ ಕೊಡ್ತಿದ್ದಾರೆ," ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ, ಅಳುವಿತ್ತು. ಅದೇ ಅತ್ತೆಯನ್ನು ಚುಚ್ಚಿತು. ಜಗಳವಾಡಿದ್ದರೆ ತಾನೂ ನಾಲ್ಕು ಮಾತು ಆಡಿ ಮರೆತುಬಿಡುತ್ತಿದ್ದಳು.

ಅತ್ತೆಯ ಅಪ್ಪ ಒಂದು ದೊಡ್ಡ ಆಸ್ಪತ್ರೆಯ ತೋಟದ ಮಾಲಿ. ಎಲೆ, ಹುಲ್ಲು, ಅಡಿಗೆ ಮನೆಯ ಸಿಪ್ಪೆಯನ್ನೆಲ್ಲ ಅವನು ಮಣ್ಣು ಮಾಡುವುದನ್ನು ಅವಳು ಫ್ರಾಕಿನ ಕಾಲದಿಂದ ನೋಡಿದ್ದಳು. ಹಸಿಯದು ಒಂದು ಪದರ, ಒಣ ಎಲೆ ಅದರ ಎರಡರಷ್ಟು, ಮೇಲೆ ನಾಲ್ಕು ಹಿಡಿ ಹಳೆಯ ಮಣ್ಣು. ಹೊದಿಸಿದ ಮೇಲೆ ನಡುವೆ ಒಂದು ಕಬ್ಬಿಣದ ಸಲಾಕೆ ನೆಟ್ಟುಬಿಡಬೇಕು. ಮರುದಿನ ಅದನ್ನು ಎಳೆದು ಅಂಗೈಯಲ್ಲಿ ಹಿಡಿದರೆ ಬೆಚ್ಚಗಿರಬೇಕು. ಬೆಚ್ಚಗಿದ್ದರೆ ಒಳಗೆ ಬೇಯುತ್ತಿದೆ ಎಂದರ್ಥ; ತಣ್ಣಗಿದ್ದರೆ ಏನೋ ಕೆಟ್ಟಿದೆ. ಪುಸ್ತಕ ಓದಿ ಕಲಿತದ್ದಲ್ಲ, ಅಂಗೈ ಸುಟ್ಟು ಕಲಿತದ್ದು.

ಅವಳು ಶಾಲೆಯ ದೊಡ್ಡ ಟೀಚರ ಹತ್ತಿರ ಹೋದಳು. ದೊಡ್ಡ ಟೀಚರ್ ಎಂದರೆ ಮುಖ್ಯೋಪಾಧ್ಯಾಯಿನಿ, ಆಳು ಮಾತ್ರ ಗುಬ್ಬಿಯಷ್ಟು. "ಹಿತ್ತಿಲಲ್ಲಿ ಮೂರು ಗುಂಡಿ ತೋಡಿಸಿಕೊಡಿ ಮೇಡಂ. ಮಿಕ್ಕಿದ್ದು ನನ್ನ ಪಾಡು," ಎಂದಳು. ಹೀಗೆ ಸೊಂಟದಾಳದ ಮೂರು ಗುಂಡಿಗಳು ಸಾಲಾಗಿ ಸಿದ್ಧವಾದವು: ಒಂದು ತುಂಬುತ್ತಿರುವಾಗ ಇನ್ನೊಂದು ಬೇಯಬೇಕು, ಮೂರನೆಯದು ಹಣ್ಣಾಗಬೇಕು. ಆರು ತಿಂಗಳಲ್ಲಿ ವಾಸನೆ ಹೋಗಿ ಮಳೆ ಬಿದ್ದ ನೆಲದ ಕಂಪು ಬಂತು. ಇಸ್ತ್ರಿಯವನು ಅತ್ತೆಯ ಸೀರೆಗಳಿಗೆ ಬೇಡವೆಂದರೂ ಕೇಳದೆ ಗರಿಗರಿ ಇಸ್ತ್ರಿ ಹಾಕಿ ಕಳಿಸತೊಡಗಿದ. ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ಮಕ್ಕಳು ತೊಳೆದು ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದರು. ಗುಜರಿಯವನು ಬಂದು ಕಟ್ಟಿಕೊಂಡು ಹೋಗಿ ಬದಲಿಗೆ ಹಳೆಯ ಬಕೆಟ್ಟು, ಗೋಣಿ ಕೊಡುತ್ತಿದ್ದ. ಗಾಳಿ ಬೀಸಿದಾಗ ಆ ಪ್ಯಾಕೆಟ್ಟುಗಳೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟುತ್ತಿದ್ದವು.

ಎಲ್ಲ ಸುಖವಾಗಿರುವಾಗ ಶಿಕ್ಷಣ ಇಲಾಖೆಯ ಕಚೇರಿಯಿಂದ ಒಂದು ಕಾಗದ ಬಂತು.

ಶಾಲೆಯ ಹಿತ್ತಿಲಿಗೆ ಸಿಮೆಂಟು ಹಾಕಿಸಿ ಸೈಕಲ್ ಶೆಡ್ ಕಟ್ಟಿಸಲಾಗುವುದು, ಗುಂಡಿಗಳನ್ನು ಮುಚ್ಚತಕ್ಕದ್ದು ಎಂದು ಅದರಲ್ಲಿತ್ತು. ದೊಡ್ಡ ಟೀಚರ್ ಮರುಓಲೆಯಲ್ಲಿ ಕೈಮುಗಿದು ಬರೆದುಕೊಂಡರು. ಅದಕ್ಕೆ ಉತ್ತರ ಬಂತು: ತಿಂಗಳೊಪ್ಪತ್ತಿನಲ್ಲಿ ಸಾಹೇಬರೇ ಖುದ್ದಾಗಿ ಬಂದು ಗುಂಡಿಗಳು ನಿಜಕ್ಕೂ ಕೆಲಸಕ್ಕೆ ಬರುತ್ತಿವೆಯೋ ಇಲ್ಲವೋ ನೋಡುತ್ತಾರೆ, ಕೆಲಸಕ್ಕೆ ಬರುತ್ತಿದ್ದರೆ ಇರಲಿ, ಇಲ್ಲದಿದ್ದರೆ ಶೆಡ್.

"ನಮ್ಮ ಒಂದು ಗುಂಡಿ ಅರ್ಧವೂ ತುಂಬಿಲ್ಲ. ಇನ್ನೊಂದು ಖಾಲಿ," ಎಂದು ದೊಡ್ಡ ಟೀಚರ್ ಹಣೆ ಒತ್ತಿಕೊಂಡರು. "ಸಾಹೇಬರು ಇಣುಕಿ ನೋಡಿ, ಇದಕ್ಕೆ ಇಷ್ಟು ಜಾಗ ಯಾಕೆ ಅಂತಾರೆ."

"ನೀವು ಸುಮ್ಮನಿರಿ ಮೇಡಂ," ಎಂದಳು ಅತ್ತೆ. "ಅವರು ಬರೋ ಹೊತ್ತಿಗೆ ಮೂರೂ ತುಂಬಿ ತುಳುಕ್ತಿರುತ್ತೆ."

ಆ ರಾತ್ರಿಯೇನೂ ಅವಳು ನಿದ್ದೆಗೆಡಲಿಲ್ಲ. ಉಪಾಯ ಅಲ್ಲಿಯೇ ನಿಂತಲ್ಲೇ ಹೊಳೆದಿತ್ತು. ಗುಜರಿಯವನಿಂದ ಕೊಕ್ಕೆ ತಕ್ಕಡಿಯೊಂದನ್ನು ಎರವಲು ತಂದು ಊಟದ ಮನೆಯ ಬಾಗಿಲಿಗೆ ತೂಗುಹಾಕಿದಳು. ತರಗತಿಗೊಂದು ಬಕೆಟ್ಟು ಕೊಟ್ಟಳು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆದುರು ನಿಂತು ಸಾರಿದಳು: "ಯಾರ ಬಕೆಟ್ಟು ಹೆಚ್ಚು ಭಾರವೋ ಅವರಿಗೆ ಮಾರನೇ ದಿನ ಆಡೋಕೆ ಹೊಸ ಚೆಂಡು!"

ಶಾಲೆಯಲ್ಲಿ ಚೆನ್ನಾಗಿ ಪುಟಿಯುವ ಚೆಂಡು ಅದೊಂದೇ ಇತ್ತು. ಮಕ್ಕಳು ಹೋ ಎಂದು ಕೂಗಿದ ಸದ್ದಿಗೆ ಇಸ್ತ್ರಿಯವನು ಮತ್ತೆ ಗೋಡೆಯ ಮೇಲೆ ಕಾಣಿಸಿಕೊಂಡ.

ಮೊದಲ ದಿನ ಎಲ್ಲ ಬಕೆಟ್ಟೂ ಸೇರಿ ಒಂಬತ್ತು ಕೆಜಿ. ಮೂರನೆಯ ದಿನ ಹದಿನಾಲ್ಕು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತೆರಡು. ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಲಾಕೆ ಎಳೆದು ಹಿಡಿದರೆ ಕೈ ಚುರ್ರೆನ್ನುತ್ತಿತ್ತು. "ನೋಡ್ರೀ, ಒಲೆಯೇ ಇಲ್ಲದೆ ನಿಮಗಿಂತ ಚೆನ್ನಾಗಿ ಬೇಯಿಸ್ತೀನಿ!" ಎಂದು ಗಂಡನೆದುರು ಬೀಗಿದಳು.

ಮಾಮ ನಗಲಿಲ್ಲ. ಅವನು ಕಿಟಕಿಯಿಂದ ಬಕೆಟ್ಟುಗಳ ಮೆರವಣಿಗೆಯನ್ನು ನೋಡುತ್ತಿದ್ದ. ಒಂದೊಂದರಲ್ಲೂ ಅವನು ಬೆಳಿಗ್ಗೆ ಆರಕ್ಕೆದ್ದು ಬೇಯಿಸಿದ ಅನ್ನ, ಅವನು ಕಡೆದ ಬೇಳೆ, ಅವನು ಹೆಚ್ಚಿದ ಬೀನ್ಸ್. ಮೊದಲು ಉಪ್ಪು ಕಡಿಮೆ ಮಾಡಿದ. ಬಕೆಟ್ಟು ಭಾರವಾಯಿತು. ಉಪ್ಪು ಸ್ವಲ್ಪ ಹೆಚ್ಚಿಸಿದ. ಇನ್ನೂ ಭಾರವಾಯಿತು. ಕ್ಯಾರೆಟ್ಟನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿದ, ಬೆರಳು ಕೊಯ್ದುಕೊಂಡ. ನಕ್ಷತ್ರಗಳೆಲ್ಲ ನೇರ ಬಕೆಟ್ಟಿಗೆ ಹೋದವು.

"ಅಡಿಗೆ ಹೇಗಿದೆ ಪುಟ್ಟಾ?" ಎಂದು ಸಿಕ್ಕ ಸಿಕ್ಕ ಮಕ್ಕಳನ್ನು ಕೇಳಿದ.

"ಸೂಪರ್ ಮಾಮ," ಎಂದವು ಮಕ್ಕಳು. ಎಂದು, ಹೋಗಿ ಬಕೆಟ್ಟಿಗೆ ಸುರಿದವು.

ಮನೆಯಲ್ಲಿ ಮಾಮ ಗೋಡೆಗೆ ಒರಗಿ ಕೂತು, "ನನ್ನ ಕೈ ಕೆಟ್ಟುಹೋಗಿದೆ ಕಣೇ," ಎಂದ. "ಮುಖಕ್ಕೆ ಹೇಳೋಕೆ ಪಾಪ, ಮಕ್ಕಳಿಗೆ ಸಂಕೋಚ. ನಾನೇ ಮೇಡಂಗೆ ಹೇಳಿ ಬೇರೆಯವರನ್ನ ನೋಡ್ಕೊಳ್ಳಿ ಅಂದುಬಿಡ್ಲಾ?"

"ಹುಚ್ಚು ಮಾತು ಆಡಬೇಡಿ. ಮಕ್ಕಳ ನಾಲಿಗೆ ಇವತ್ತು ಒಂಥರ, ನಾಳೆ ಒಂಥರ," ಎಂದು ಅತ್ತೆ ಸಮಾಧಾನ ಮಾಡಿದಳು. ಸಮಾಧಾನ ಮಾಡುತ್ತಲೇ ಮೂರನೆಯ ಗುಂಡಿ ತುಂಬಲು ಇನ್ನೆಷ್ಟು ಬೇಕೆಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಈ ಮಾತನ್ನು ಆಮೇಲೆ ಅವಳೇ ಎಲ್ಲರಿಗೂ ಹೇಳಿ ತನ್ನನ್ನು ತಾನೇ ಬೈದುಕೊಂಡದ್ದುಂಟು.

ಸಾಹೇಬರು ಬರುವುದು ಶುಕ್ರವಾರ. ಆ ವಾರದ ಸೋಮವಾರ, ಮಧ್ಯಾಹ್ನ ಮೂರರ ಸುಮಾರು, ಅತ್ತೆ ಅಡಿಗೆ ಮನೆಯ ಹಿಂಬಾಗಿಲಿಗೆ ಸಿಪ್ಪೆ ತರಲು ಹೋದಳು. ಮೆಟ್ಟಿಲ ಮೇಲೆ ಮೂರನೇ ತರಗತಿಯ ಹುಡುಗಿಯೊಬ್ಬಳು ಮುದುರಿ ಕೂತು ಕ್ಯಾರೆಟ್ಟಿನ ಕತ್ತರಿಸಿ ಎಸೆದ ತಲೆಗಳನ್ನು ಕಟಕಟ ಕಡಿಯುತ್ತಿದ್ದಳು. ಮುಂದಿನ ಎರಡು ಹಲ್ಲು ಬಿದ್ದದ್ದರಿಂದ ಇಡೀ ಶಾಲೆಗೆ ಅವಳು ಬೊಚ್ಚಕ್ಕ, ಕಡಿಯುತ್ತಿದ್ದದ್ದು ದವಡೆಯಲ್ಲಿ.

"ಏನೇ ಬೊಚ್ಚಕ್ಕ, ಮೊಲ ಆಗ್ಬಿಟ್ಟೆಯಾ?"

"ಹಸಿವು ಅತ್ತೆ."

"ಊಟ ಮಾಡ್ಲಿಲ್ವಾ?"

"ಬಕೆಟ್ಟಿಗೆ ಹಾಕ್ದೆ." ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂಬಂತೆ ಅವಳು ಮುಖವೆತ್ತಿದಳು. "ಐದನೇ ಕ್ಲಾಸಿನವ್ರು ನಮಗಿಂತ ಅರ್ಧ ಕೆಜಿ ಜಾಸ್ತಿ ಇದ್ರು. ಅದಕ್ಕೆ ನಾವೆಲ್ಲ ಹಾಕಿದ್ವಿ."

"ಎಷ್ಟು ಹಾಕಿದೆ?"

"ಪೂರ್ತಿ. ಮೊಟ್ಟೆ ಮಾತ್ರ ತಿಂದೆ. ಮೊಟ್ಟೆ ಭಾರ ಇರುತ್ತೆ, ಯಾಕೆ ತಿಂದೆ ಅಂತ ನಮ್ಮ ಲೀಡರ್ ಬೈದಳು."

ಅತ್ತೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. ಅವಳೂ ಮೆಟ್ಟಿಲ ಮೇಲೆ ಕೂತಳು.

"ದಿನಾ ಹೀಗೇನಾ?"

"ಹೂಂ. ಮೊನ್ನೆ ಗೆದ್ವಲ್ಲ, ಅವತ್ತು ಯಾರೂ ಏನೂ ತಿಂದಿರಲಿಲ್ಲ. ಆದ್ರೆ ಚೆಂಡು ಆಡೋಕೆ ಆಗ್ಲೇ ಇಲ್ಲ, ಕಾಲು ನಡುಗ್ತಿತ್ತು." ಆಮೇಲೆ ಹತ್ತಿರ ಸರಿದು, ಗುಟ್ಟಿನ ದನಿಯಲ್ಲಿ, "ಅತ್ತೆ, ಐದನೇ ಕ್ಲಾಸಿನವ್ರು ಮೋಸ. ಬಕೆಟ್ಟಿಗೆ ನೀರು ಸೇರಿಸ್ತಾರೆ," ಎಂದಳು.

ಅತ್ತೆ ಬೊಚ್ಚಕ್ಕನ ಕೈ ಹಿಡಿದು ಒಳಗೆ ಕರೆದೊಯ್ದು, ಪಾತ್ರೆಯ ತಳದಲ್ಲಿದ್ದ ಅನ್ನಕ್ಕೆ ಬೇಳೆ ಕಲಸಿ ಕೊಟ್ಟಳು. ಆ ಮಗು ಉಂಡ ಪರಿ ನೋಡಿದರೆ ಯಾರ ಕೈ ಕೆಟ್ಟಿತ್ತು, ಯಾರ ಬುದ್ಧಿ ಕೆಟ್ಟಿತ್ತು ಎಂದು ಬೇರೆ ಕೇಳಬೇಕಾಗಿರಲಿಲ್ಲ. ತಟ್ಟೆ ತೊಳೆದಷ್ಟು ಬೆಳ್ಳಗಾಯಿತು.

ಸಂಜೆ ಮನೆಯಲ್ಲಿ ಅತ್ತೆ ಗಂಡನೆದುರು ಎಲ್ಲ ಹೇಳಿದಳು, ಒಂದು ಅಕ್ಷರವನ್ನೂ ನುಂಗದೆ. ಮಾಮ ಕೊಯ್ದ ಬೆರಳನ್ನು ತಿರುಗಿಸಿ ನೋಡಿಕೊಂಡ.

"ಅಂದ್ರೆ ಬೇಳೆ ಚೆನ್ನಾಗೇ ಇತ್ತು?"

"ಚೆನ್ನಾಗೇ ಇತ್ತು."

"ಉಪ್ಪು?"

"ಸರಿಯಾಗೇ ಇತ್ತು. ನೀವೇ ಹೆಚ್ಚುಕಡಿಮೆ ಮಾಡಿ ಕೆಡಿಸಿದ್ದು."

"ಅಯ್ಯೋ ನಿನ್ನ!" ಎಂದು ಮಾಮ ಎದ್ದು ನಿಂತ. "ಮೂರು ವಾರ ನನ್ನ ಕೈಯನ್ನ ನಾನೇ ಅನುಮಾನ ಪಟ್ನಲ್ಲೇ! ನಕ್ಷತ್ರ ಕತ್ತರಿಸಿ ಬೆರಳು ಕೊಯ್ಕೊಂಡ್ನಲ್ಲೇ!" ಬೈಯಲೆಂದು ಬಾಯಿ ತೆರೆದವನಿಗೆ ನಗು ನುಗ್ಗಿ ಬಂತು. ಹೊಟ್ಟೆಗೆ ಹಾಲು ಹೊಯ್ದಂತಾಗಿದ್ದರೆ ಮನುಷ್ಯ ಎಷ್ಟು ಹೊತ್ತು ಕೋಪ ಮಾಡಿಯಾನು? ನಕ್ಕು ಸುಸ್ತಾದ ಮೇಲೆ ಮೆಲ್ಲಗೆ ಹೇಳಿದ: "ಶುಕ್ರವಾರಕ್ಕೆ ಇನ್ನು ನಾಲ್ಕೇ ದಿನ. ಇಷ್ಟು ದಿನ ನಡೆದದ್ದು ಇನ್ನು ನಾಲ್ಕು ದಿನ ನಡೀಲಿ ಬಿಡು. ಗುಂಡಿ ಉಳ್ಕೊಳ್ಳುತ್ತೆ. ಆಮೇಲೆ ಹೇಳಿದ್ರಾಯ್ತು."

ಅದು ಅವನ ದೊಡ್ಡ ಮನಸ್ಸು. ತನ್ನ ಅಡಿಗೆ ಇನ್ನೂ ನಾಲ್ಕು ದಿನ ಬಕೆಟ್ಟಿಗೆ ಬೀಳಲಿ ಎನ್ನುವುದು ಅಡಿಗೆಯವನಿಗೆ ಸುಲಭದ ಮಾತಲ್ಲ.

"ಆಗಲ್ಲ ಕಣ್ರೀ," ಎಂದಳು ಅತ್ತೆ. "ಆ ಮಗು ಕ್ಯಾರೆಟ್ಟಿನ ತಲೆ ಕಡೀತಿತ್ತು. ನಾನು ಸಲಾಕೆ ಹಿಡಿದು ಬಿಸಿಯಾಗಿದೆ, ಬಿಸಿಯಾಗಿದೆ ಅಂತ ಕುಣೀತಿದ್ದೆ. ಇನ್ನು ಒಂದು ದಿನವೂ ಬೇಡ."

ಮರುದಿನ ಬೆಳಿಗ್ಗೆ ಅವಳು ಊಟದ ಮನೆಯ ಸ್ಟೂಲು ತಂದು ಮಕ್ಕಳೆದುರು ಹಾಕಿಕೊಂಡು ಅದರ ಮೇಲೆ ಹತ್ತಿ ನಿಂತಳು. "ತಪ್ಪು ನಂದು," ಎಂದು ಶುರು ಮಾಡಿದಳು. ದೊಡ್ಡವರು ಹಾಗೆ ಶುರು ಮಾಡುವುದನ್ನು ಮಕ್ಕಳು ಅಷ್ಟಾಗಿ ಕೇಳಿರಲಿಲ್ಲವಾದ್ದರಿಂದ ಗಲಾಟೆ ತಟ್ಟನೆ ನಿಂತಿತು. "ಊಟ ನಿಮ್ಮ ಹೊಟ್ಟೆಗೆ ಬಂದದ್ದು, ನನ್ನ ಗುಂಡಿಗಲ್ಲ. ಇವತ್ತಿಂದ ಯಾರ ಬಕೆಟ್ಟು ಹಗುರವೋ ಅವರಿಗೆ ಚೆಂಡು. ಸಿಪ್ಪೆ, ಮೊಟ್ಟೆ ಚಿಪ್ಪು ಲೆಕ್ಕಕ್ಕಿಲ್ಲ. ಅಡಿಗೆ ಮಾಮನ ಅಡಿಗೆ ಮಾತ್ರ ಲೆಕ್ಕ."

"ಅತ್ತೆ, ಇದು ಅನ್ಯಾಯ! ನಾವು ಗೆಲ್ತಾ ಇದ್ವಿ!" ಎಂದಿತು ಐದನೇ ತರಗತಿ.

"ನಲ್ಲಿ ನೀರಿಗೆ ಬಹುಮಾನ ಇಲ್ಲಮ್ಮ," ಎಂದಳು ಅತ್ತೆ. ಐದನೇ ತರಗತಿ ಇಂಗು ತಿಂದ ಮಂಗನ ಮುಖ ಮಾಡಿಕೊಂಡಿತು.

ದೊಡ್ಡ ಟೀಚರ್ ಅವಳನ್ನು ಪಕ್ಕಕ್ಕೆ ಕರೆದರು. "ಮೂರು ದಿನ ತಡೀಬಾರದಿತ್ತೇನ್ರೀ? ಗುಂಡಿ ಹೋಯ್ತು ಅಂತಲೇ ತಿಳ್ಕೊಳ್ಳಿ."

"ಹೋದ್ರೆ ಹೋಗ್ಲಿ ಮೇಡಂ," ಎಂದಳು ಅತ್ತೆ. ಆದರೆ ಹಿತ್ತಿಲಿಗೆ ಹೋಗಿ ಗುಂಡಿಗಳ ದಂಡೆಯಲ್ಲಿ ನಿಂತಾಗ ಕಣ್ಣು ಮಂಜಾಯಿತು. ಅಪ್ಪನಿಂದ ಬಂದದ್ದೆಂದು ಅವಳಿಗಿದ್ದದ್ದು ಆ ವಿದ್ಯೆಯೊಂದೇ.

ಬೇಯುವ ಗುಂಡಿಗೆ ಒಂದು ಗುಣವಿದೆ: ಮೇಲಿಂದ ಬೀಳುವುದು ನಿಂತರೆ ಅದು ದಿನಾ ಕುಸಿಯುತ್ತದೆ. ಮಂಗಳವಾರ ದಂಡೆಯವರೆಗೆ ಇದ್ದದ್ದು ಶುಕ್ರವಾರಕ್ಕೆ ಮೊಣಕಾಲಿಗೆ ಇಳಿದಿತ್ತು. ಬಕೆಟ್ಟುಗಳಂತೂ ತಳ ಕಾಣುತ್ತಿದ್ದವು. ತಕ್ಕಡಿಯ ಮುಳ್ಳಿಗೆ ಕೆಲಸವೇ ಇಲ್ಲ.

ಸಾಹೇಬರು ಸರಿಯಾಗಿ ಊಟದ ಹೊತ್ತಿಗೆ ಬಂದರು. ಎತ್ತರದ, ಮೆತ್ತಗಿನ ಮಾತಿನ ಮನುಷ್ಯ. ಜೇಬಿನಲ್ಲಿ ಅಳತೆ ಟೇಪು. "ಮಕ್ಕಳ ಜೊತೆಗೇ ಊಟ ಮಾಡ್ತೀನಿ," ಎಂದು ಮೂರನೇ ತರಗತಿಯ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತರು. ಅಕ್ಕಪಕ್ಕದ ಮಕ್ಕಳೊಂದಿಗೆ ಹರಟುತ್ತ ಉಂಡು, ಒಂದು ಹಿಡಿ ಅನ್ನ, ನಾಲ್ಕಾರು ಬೀನ್ಸ್ ತಟ್ಟೆಯ ಅಂಚಿಗೆ ಸರಿಸಿ ಏಳಲು ಹೋದರು.

"ಸಾರ್!" ಎಂದಳು ಎದುರಿಗಿದ್ದ ಬೊಚ್ಚಕ್ಕ.

"ಏನಮ್ಮ?"

"ಅದನ್ನೂ ತಿನ್ನಿ ಸಾರ್. ನೀವು ನಮ್ಮ ಬೆಂಚಲ್ಲಿ ಕೂತಿದ್ದೀರಲ್ಲ, ನಿಮ್ಮದೂ ನಮ್ಮ ಬಕೆಟ್ಟಿಗೇ ಬರುತ್ತೆ. ಭಾರ ಆಗುತ್ತೆ."

"ಹೊಟ್ಟೆ ತುಂಬಿತಲ್ಲಮ್ಮ."

"ಹಂಗಾದ್ರೆ ಮೊದಲೇ ಕಡಿಮೆ ಹಾಕಿಸ್ಕೋಬೇಕಿತ್ತು ಸಾರ್."

ಇಡೀ ಬೆಂಚು ಸಾಹೇಬರ ತಟ್ಟೆಯತ್ತ ತಿರುಗಿತು. ದೊಡ್ಡ ಟೀಚರ್ ಕಂಬದ ಮರೆಗೆ ಸರಿದರು. ಅಡಿಗೆ ಮನೆಯ ಕಿಟಕಿಯಲ್ಲಿ ಮಾಮನ ಮುಖ, ಕೈಯಲ್ಲಿ ಸೌಟು. ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಲ್ಲ ತಟ್ಟೆಗಳೂ ಖಾಲಿ. ಮತ್ತೆ ಕೂತರು. ಒಂದೊಂದೇ ಬೀನ್ಸ್ ಎತ್ತಿ ಬಾಯಿಗೆ ಹಾಕಿಕೊಂಡರು. ಕೊನೆಯದು ಹೋದಾಗ ಮೂರನೇ ತರಗತಿ ಚಪ್ಪಾಳೆ ತಟ್ಟಿತು.

ಆಮೇಲೆ ಹಿತ್ತಿಲಿಗೆ ಬಂದು ಗುಂಡಿಯೊಳಗೆ ಇಣುಕಿದರು. "ಇಷ್ಟೇನಾ?"

ದೊಡ್ಡ ಟೀಚರ್ ಏನೋ ಹೇಳಲು ಹೊರಟರು. ಅತ್ತೆ ಮುಂದೆ ಬಂದಳು. "ಇಷ್ಟೇ ಸಾರ್. ಹೋದ ವಾರ ಬಂದಿದ್ರೆ ತುಂಬಿ ತುಳುಕ್ತಿತ್ತು. ನೀವು ಮೆಚ್ಚಲಿ ಅಂತ ನಾನೇ ಮಕ್ಕಳಿಗೆ ಭಾರದ ಪಂದ್ಯ ಇಟ್ಟೆ. ಪಾಪ, ಉಣ್ಣೋದು ಬಿಟ್ಟು ತಂದು ಸುರಿದ್ವು. ತುಂಬಿದ್ದು ಅವರ ಊಟ ಸಾರ್. ಗೊತ್ತಾದ ಮೇಲೆ ನಿಲ್ಲಿಸ್ದೆ. ಈಗ ಬೀಳೋದು ಬರೀ ಸಿಪ್ಪೆ, ಚಿಪ್ಪು, ಎಲೆ."

ಸಾಹೇಬರು ಟೇಪು ಬಿಚ್ಚಿ ಅಳೆದರು. ಬರೆದುಕೊಂಡರು. ಸಲಾಕೆ ಯಾತಕ್ಕೆ ಎಂದು ಕೇಳಿ, ತಾವೇ ಎಳೆದು ಹಿಡಿದು, "ಅಬ್ಬಾ!" ಎಂದು ಕೈ ಕೊಡವಿದರು. ಕೊನೆಗೆ ಹೇಳಿದರು: "ಇಷ್ಟಕ್ಕೆ ಮೂರು ಗುಂಡಿ ಯಾಕಮ್ಮ? ಬೀಳೋದು ಬರೀ ಸಿಪ್ಪೆ ಅಂತ ನೀವೇ ಹೇಳಿದ್ರಲ್ಲ, ಒಂದನ್ನೇ ಚಿಕ್ಕದಾಗಿ ಮೂರು ಪಾಲು ಮಾಡಿದ್ರೆ ಸಾಕು. ಮೂಲೆಯದು ಇರಲಿ, ಪ್ಯಾಕೆಟ್ಟು ಒಣಗಿಸೋ ನಿಮ್ಮ ಹಗ್ಗವೂ ಇರಲಿ. ಮಿಕ್ಕ ಎರಡರ ಜಾಗದಲ್ಲಿ ಶೆಡ್ಡು."

ದೊಡ್ಡ ಟೀಚರಿಗೆ ಒಂದು ಉಳಿಯಿತೆಂಬ ಸಂತೋಷ. ಮಾಮನಿಗೆ ಕೋಪ. "ನಿಜ ಹೇಳಿದ್ದಕ್ಕೆ ಎರಡು ಗುಂಡಿ ದಂಡ ಹಾಕಿದ್ರಲ್ಲೇ!" ಎಂದು ಸೌಟು ಬೀಸಿದ. ಅತ್ತೆ ಮಾತ್ರ ಗುಂಡಿಯೊಳಗೆ ನೋಡುತ್ತ ನಿಂತು, ಮನಸ್ಸಿನಲ್ಲೇ ಸಾಹೇಬರ ಮಾತನ್ನು ಅಳೆದು, ಹಿಡಿಯಲು ತಪ್ಪೇ ಸಿಗದೆ, "ಸರಿಯಾಗೇ ಇದೆ ಬಿಡ್ರೀ," ಎಂದಳು. ಎರಡು ಗುಂಡಿ ಬರಿದು ಮಾಡುವ ದಿನ ಮಾತ್ರ ಯಾರಿಗೂ ಸಲಿಕೆ ಮುಟ್ಟಲು ಬಿಡದೆ ತಾನೇ ತೆಗೆದಳು. ಹಣ್ಣಾದ ಗೊಬ್ಬರದಲ್ಲಿ ಒಂದು ಬುಟ್ಟಿ ಇಸ್ತ್ರಿಯವನ ಹೂಕುಂಡಗಳಿಗೆ ಹೋಯಿತು. ಮಿಕ್ಕದ್ದು ಶೆಡ್ಡಿನ ಗೋಡೆಯ ಬುಡಕ್ಕೆ ಬಿತ್ತು. ಅಲ್ಲಿ ಯಾರೂ ಬಿತ್ತದ ಕುಂಬಳ ಬಳ್ಳಿಯೊಂದು ಎದ್ದು, ತಗಡಿನ ಮೇಲೆ ಹತ್ತಿ, ಸೈಕಲ್ಲುಗಳಿಗೆ ನೆರಳಾಯಿತು.

ಎರಡು ತಿಂಗಳಾದ ಮೇಲೆ ಕಚೇರಿಯಿಂದ ಇನ್ನೊಂದು ಕಾಗದ ಬಂತು. ಬೇರೆ ಶಾಲೆಗಳಲ್ಲೂ ಗುಂಡಿ ಮಾಡಿಸಬೇಕು, ಅತ್ತೆ ಪ್ರತಿ ಗುರುವಾರ ಒಂದೊಂದು ಶಾಲೆಗೆ ಹೋಗಿ ಹೇಳಿಕೊಟ್ಟು ಬರಲಿ ಎಂದು. ಹೆಸರಿನ ಮುಂದೆ 'ಶ್ರೀಮತಿ' ಎಂದು ಬರೆದಿತ್ತು. ಮಾಮ ಆ ಕಾಗದವನ್ನು ಮೂರು ಸಲ ಜೋರಾಗಿ ಓದಿದ.

ಮೊದಲ ಗುರುವಾರ ಅತ್ತೆ ಗರಿಗರಿ ಸೀರೆಯುಟ್ಟು ಬಸ್ಸು ಹತ್ತಿದಳು. ಆ ಶಾಲೆಯ ಜವಾನ ಗೇಟಿನಲ್ಲೇ ಕಾದಿದ್ದ. "ಬನ್ನಿ ಅಕ್ಕ, ಆಳುದ್ದ ಗುಂಡಿ ತೋಡಿಸಿದ್ದೀನಿ, ನೋಡಿ ಬನ್ನಿ! ದಿನಕ್ಕೆ ಮೂವತ್ತು ಕೆಜಿ ಬೀಳುತ್ತೆ ನಮ್ಮಲ್ಲಿ," ಎಂದು ಎದೆ ಸೆಟೆಸಿದ.

"ಮೂವತ್ತಾ?" ಎಂದಳು ಅತ್ತೆ. "ಗುಂಡಿ ಆಮೇಲೆ ನೋಡೋಣಪ್ಪ. ಮೊದಲು ಊಟದ ಮನೆ ಎಲ್ಲಿ ಹೇಳು."

ಮಕ್ಕಳು ತಟ್ಟೆ ತರುವ ದಾರಿಯಲ್ಲಿ ಅವಳು ನಿಂತಳು. ಅರ್ಧಕ್ಕರ್ಧ ಬಿಟ್ಟ ತಟ್ಟೆಗಳು ಸಾಲಾಗಿ ಬಂದವು. ಒಬ್ಬಳನ್ನು ನಿಲ್ಲಿಸಿ, "ಯಾಕಮ್ಮ ಬಿಟ್ಟೆ? ನಿಮಗೂ ಏನಾದ್ರೂ ಪಂದ್ಯ ಇದೆಯಾ?" ಎಂದು ಕೇಳಿದಳು.

"ಪಂದ್ಯ ಏನಿಲ್ಲ ಆಂಟಿ. ಬೆಂದಿಲ್ಲ."

ಅತ್ತೆ ತಟ್ಟೆಯಿಂದ ಒಂದು ಅಗುಳು ಎತ್ತಿ ಬೆರಳುಗಳ ನಡುವೆ ಒತ್ತಿದಳು. ಅಗುಳು ಜಗ್ಗಲಿಲ್ಲ. ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಕಟ್ಟೆಂದಿತು.

ಮುಂದಿನ ಗುರುವಾರ ಮಾಮ ತನ್ನ ಒಲೆಯನ್ನು ಸಹಾಯಕಿಗೆ ಒಪ್ಪಿಸಿ, ಸೌಟನ್ನು ಪೇಪರಿನಲ್ಲಿ ಸುತ್ತಿಕೊಂಡು, ಅತ್ತೆಯ ಜೊತೆ ಮತ್ತೆ ಅದೇ ಶಾಲೆಗೆ ಬಸ್ಸು ಹತ್ತಿದ. "ಗುಂಡಿ ಹೇಳಿಕೊಡೋಕೆ ಅಂತ ಕರೆದ್ರೆ ಒಲೆ ಹೇಳಿಕೊಡೋಕೆ ಹೊರಟಿದ್ದೀವಿ. ಅವರು ಒಪ್ತಾರೇನೇ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ.

"ನೀವು ಸುಮ್ಮನೆ ಬನ್ನಿ," ಎಂದಳು ಅತ್ತೆ, ಕಿಟಕಿಯ ಪಕ್ಕದ ಜಾಗ ತಾನೇ ಹಿಡಿದು ಕೂತು. "ಅಕ್ಕಿಗೆ ನೀರು ಎಷ್ಟು ಅಂತ ಹೇಳಿಕೊಡಿ. ಅವರ ಗುಂಡಿ ತಾನಾಗೇ ಮೊಣಕಾಲಿಗೆ ಇಳಿಯುತ್ತೆ."